ಹಿತ್ತಲ ಗೋಡೆಯ ಆಚೆಯ ಊರು

ಮೈಸೂರಿನ ನಗರ ಬಸ್ಸುಗಳ ಮೇಲೆ ‘ದಟ್ಟಗಳ್ಳಿ’ ಎಂಬ ಹೆಸರನ್ನು ಕಂಡು, ಊರಿಗೆ ಹೊಸದಾಗಿ ಬಂದವರು ಅದನ್ನು ‘ಗಲ್ಲಿ’ ಎಂದು ಓದಿಕೊಳ್ಳುವುದುಂಟು. ಯಾವುದೋ ಇಕ್ಕಟ್ಟಾದ ಓಣಿಯಿರಬೇಕೆಂದು ಭಾವಿಸಿ ಹೋದವರು, ಬಸ್ಸಿಳಿದೊಡನೆ ನೇರವಾದ ಅಗಲ ರಸ್ತೆಗಳನ್ನೂ ಅಂಕಿಗಳನ್ನು ಹೊತ್ತ ಅಡ್ಡರಸ್ತೆಗಳನ್ನೂ ಎರಡಂತಸ್ತಿನ ಮನೆಗಳನ್ನೂ ಕಂಡು ಬೆರಗಾಗುತ್ತಾರೆ. ಅದು ಗಲ್ಲಿಯಲ್ಲ, ಗಳ್ಳಿ. ಮೇಟಗಳ್ಳಿ, ಕೂರ್ಗಳ್ಳಿ, ಕೆರ್ಗಳ್ಳಿಗಳಂತೆ ಈ ಹೆಸರಿನೊಳಗೂ ಒಂದು ಹಳ್ಳಿ ಅಡಗಿ ಕುಳಿತಿದೆ. ಕುವೆಂಪುನಗರ, ರಾಮಕೃಷ್ಣನಗರಗಳನ್ನು ದಾಟಿ, ವರ್ತುಲ ರಸ್ತೆಯ ಕಡೆಗೆ ಹೋಗುವವರಿಗೆ ಸಿಗುವ ಈ ದಟ್ಟಗಳ್ಳಿ ಇಂದು ನಗರದ ಒಂದು ದೊಡ್ಡ ಬಡಾವಣೆ. ಆದರೆ ಬಡಾವಣೆಗಿಂತ ಮೊದಲು ಇಲ್ಲಿ ಒಂದು ಊರಿತ್ತು. ಆ ಊರು ಎಲ್ಲಿಗೆ ಹೋಯಿತು?

ಅದು ಎಲ್ಲಿಗೂ ಹೋಗಲಿಲ್ಲವೆಂಬುದೇ ಈ ಪ್ರಶ್ನೆಗೆ ಉತ್ತರ. ಹಳ್ಳಿಯವರು ನಗರಕ್ಕೆ ವಲಸೆ ಬರುವ ಕಥೆಯನ್ನು ಕೇಳದವರಿಲ್ಲ. ನಗರವೇ ಎದ್ದು ಹಳ್ಳಿಗೆ ನಡೆದು ಬರುವ ಕಥೆ ಅಷ್ಟು ಪರಿಚಿತವಲ್ಲ. ಮೈಸೂರು ಹಾಗೆ ನಡೆದು ಹೋಗಿ ಸೇರಿದ ಹಳ್ಳಿಗಳು ಒಂದೆರಡಲ್ಲ. ಕುಕ್ಕರಹಳ್ಳಿ, ಪಡುವಾರಹಳ್ಳಿ, ತೊಣಚಿಕೊಪ್ಪಲು, ಕನ್ನೇಗೌಡನ ಕೊಪ್ಪಲು, ಕ್ಯಾತಮಾರನಹಳ್ಳಿ, ಹಿನಕಲ್ಲು—ಇವೆಲ್ಲವೂ ಹೊಲಗದ್ದೆಗಳ ನಡುವೆ ಇದ್ದ ಊರುಗಳೇ. ಕನ್ನೇಗೌಡನ ಕೊಪ್ಪಲು ಈಗ ಎರಡಕ್ಷರಗಳಿಗೆ ಕುಗ್ಗಿ ‘ಕೆ.ಜಿ. ಕೊಪ್ಪಲು’ ಆಗಿದೆ. ಆ ಕನ್ನೇಗೌಡನು ಯಾರೆಂದು ವಿಚಾರಿಸುವ ಪುರುಸೊತ್ತು ಆಟೋರಿಕ್ಷಾ ಹತ್ತುವವರಿಗೆ ಎಲ್ಲಿದೆ!

ನಗರದ ಈ ನಡಿಗೆ ಬಹು ಹಿಂದೆಯೇ ಆರಂಭವಾಯಿತು. 1903ರಲ್ಲಿ ಮೈಸೂರಿನ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಹುಟ್ಟಿತು. ಲಕ್ಷ್ಮೀಪುರ, ಸರಸ್ವತೀಪುರಗಳಂತಹ ಅಚ್ಚುಕಟ್ಟಾದ ಬಡಾವಣೆಗಳು ತಲೆಯೆತ್ತಿದವು. 1988ರಲ್ಲಿ ಮಂಡಲಿಯ ಸ್ಥಾನಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಬಂದಿತು. ಹೆಸರು ಬದಲಾದರೂ ಕೆಲಸದ ಕ್ರಮ ಒಂದೇ. ಊರಿನ ಸುತ್ತಣ ಹೊಲಗಳನ್ನು ಸ್ವಾಧೀನಪಡಿಸಿಕೊಳ್ಳುವುದು, ಪರಿಹಾರ ಕೊಡುವುದು, ಸರಪಳಿ ಹಿಡಿದು ಅಳೆದು ನಿವೇಶನಗಳನ್ನು ಮಾಡುವುದು. ಆದರೆ ಜನ ವಾಸವಾಗಿರುವ ಜಾಗ, ಅಂದರೆ ಕಂದಾಯದ ಭಾಷೆಯ ‘ಗ್ರಾಮಠಾಣ’, ಸಾಮಾನ್ಯವಾಗಿ ಈ ಸ್ವಾಧೀನದಿಂದ ಹೊರಗುಳಿಯುತ್ತದೆ. ಹೊಲ ಹೋಗುತ್ತದೆ, ಮನೆ ಉಳಿಯುತ್ತದೆ. ಹೀಗಾಗಿ ಗೆರೆ ಎಳೆದಂತಹ ಅಡ್ಡರಸ್ತೆಗಳ ನಡುವೆ ಒಂದೆಡೆ ಬೀದಿ ಇದ್ದಕ್ಕಿದ್ದಂತೆ ಸೊಟ್ಟಗಾಗುತ್ತದೆ. ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ. ಜಗಲಿ ಕಾಣುತ್ತದೆ, ಅರಳಿಕಟ್ಟೆ ಕಾಣುತ್ತದೆ, ಊರದೇವತೆಯ ಗುಡಿ ಕಾಣುತ್ತದೆ. ಮೈಸೂರಿನ ಯಾವ ಹೊರಬಡಾವಣೆಯಲ್ಲೇ ಆಗಲಿ, ರಸ್ತೆ ಹೀಗೆ ಬಳುಕಿದ ಕಡೆ ಹಳೆಯ ಊರು ಬಂದಿತೆಂದು ತಿಳಿಯಬಹುದು.

ನಿವೇಶನ ಕೊಂಡು ಬಂದವರು ಯಾರು? ಬ್ಯಾಂಕಿನ ನೌಕರರು, ಶಾಲಾ ಉಪಾಧ್ಯಾಯರು, ನಿವೃತ್ತ ಅಧಿಕಾರಿಗಳು. ಇವರಲ್ಲಿ ಬಹುಮಂದಿ ತಾವೂ ಹಳ್ಳಿಯಿಂದ ಬಂದವರೇ. ಮಂಡ್ಯ, ಹಾಸನ, ಚಾಮರಾಜನಗರ, ಕೊಡಗಿನ ಕಡೆಗಳಲ್ಲಿ ಅವರಿಗೆ ಒಂದೊಂದು ಊರುಂಟು. ಊರಿನಲ್ಲಿ ಒಬ್ಬ ದೊಡ್ಡಪ್ಪ, ಒಂದು ತುಂಡು ಹೊಲ, ವರ್ಷಕ್ಕೊಂದು ಜಾತ್ರೆ ಉಂಟು. ಜಾತ್ರೆಯ ದಿನ ಹೆಂಡತಿ ಮಕ್ಕಳೊಡನೆ ನೂರು ಮೈಲಿ ಪ್ರಯಾಣ ಮಾಡಿ ಹೋಗಿ, ತೇರಿಗೆ ಬಾಳೆಹಣ್ಣು ಎಸೆದು, ಕಣ್ಣು ಒದ್ದೆ ಮಾಡಿಕೊಂಡು ಹಿಂದಿರುಗುತ್ತಾರೆ. ಆದರೆ ತಮ್ಮ ಮನೆಯಿಂದ ಇನ್ನೂರು ಗಜ ದೂರದಲ್ಲಿ ನಡೆಯುವ ಊರಹಬ್ಬದ ದೇವತೆಯ ಹೆಸರೇನೆಂದು ಕೇಳಿದರೆ ಅವರಲ್ಲಿ ಎಷ್ಟು ಮಂದಿ ಹೇಳಬಲ್ಲರು?

ಹೇಳಲಾರದೆ ಹೋದರೂ ಹಬ್ಬದ ಸದ್ದಂತೂ ಅವರಿಗೆ ಕೇಳಿಸುತ್ತದೆ. ರಾತ್ರಿ ತಮಟೆ ಮೊಳಗುತ್ತದೆ, ಧ್ವನಿವರ್ಧಕ ಅಬ್ಬರಿಸುತ್ತದೆ. ಮರುದಿನ ಪರೀಕ್ಷೆಯಿರುವ ಹುಡುಗನ ತಂದೆಗೆ ಸಿಟ್ಟು ಬರುವುದು ಸಹಜ. ಆತ ದೂರು ಕೊಡುತ್ತಾನೆ. “ನೀವು ಬರೋಕ್ಕೆ ಮುಂಚಿಂದ ನಾವು ಇಲ್ಲೇ ಹಬ್ಬ ಮಾಡ್ತಿದ್ದೀವಿ ಸ್ವಾಮಿ” ಎಂಬ ಉತ್ತರ ಬರುತ್ತದೆ. ಇಂತಹ ಮಾತು ನಗರದಂಚಿನ ಬಡಾವಣೆಗಳಲ್ಲಿ ಅಪರೂಪವಲ್ಲ. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು. ಮಗನ ಓದಿನ ಚಿಂತೆ ಸುಳ್ಳಲ್ಲ. ಹೊಲ ಕಳೆದುಕೊಂಡವನಿಗೆ ಹಬ್ಬವೊಂದೇ ಉಳಿದಿದೆಯೆಂಬುದೂ ಸುಳ್ಳಲ್ಲ. ಇಬ್ಬರೂ ಪರಿಚಿತರಾಗಿದ್ದರೆ ಧ್ವನಿವರ್ಧಕದ ಗಂಟಲು ಕುಗ್ಗುತ್ತಿತ್ತು, ದೂರಿನ ಕಾಗದವೂ ಹುಟ್ಟುತ್ತಿರಲಿಲ್ಲ. ಪರಿಚಯವಿಲ್ಲದಿರುವುದೇ ಇಲ್ಲಿಯ ತೊಡಕು.

ಮೈಸೂರಿನಲ್ಲಿ ಈ ಅಪರಿಚಯ ಹೊಸದೇನೂ ಅಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1916ರಲ್ಲಿ ಈ ನಗರದಲ್ಲಿಯೇ ಜನಿಸಿ, ಕಾಲೇಜು ರಸ್ತೆಯ ಮನೆಯೊಂದರಲ್ಲಿ ಬೆಳೆದವರು. ಆ ಮನೆಯ ಹಿತ್ತಲ ಗೋಡೆಗೆ ಸಮೀಪದಲ್ಲಿಯೇ ಕುರುಬರು ವಾಸಿಸುತ್ತಿದ್ದ ಬಂಡಿಕೇರಿ. ಕಾಲೇಜು ರಸ್ತೆಯವರ ಬದುಕಿಗೂ ಬಂಡಿಕೇರಿಯವರ ಬದುಕಿಗೂ ಇದ್ದ ಅಂತರವನ್ನು ಬಾಲ್ಯದಲ್ಲಿ ಕಂಡು ತಾವು ಬೆಚ್ಚಿದುದನ್ನೂ, ಬೇರೆ ಮಾನವಶಾಸ್ತ್ರಜ್ಞರು ಸಮುದ್ರ ದಾಟಿ ಹೋಗಿ ಅರಸಿದ ಹೊಸ ಲೋಕ ತಮಗೆ ಹಿತ್ತಲಿನಲ್ಲಿಯೇ ದೊರೆತುದನ್ನೂ ಅವರು ಮುಂದೆ ಬರೆದುಕೊಂಡರು. 1948ರಲ್ಲಿ ಅವರು ಮೈಸೂರಿಗೆ ದೂರವಲ್ಲದ ಕೊಡಗಹಳ್ಳಿಗೆ ಹೋಗಿ ನೆಲೆಸಿ ಆ ಊರಿನ ಬಾಳನ್ನು ಅಭ್ಯಾಸ ಮಾಡಿದರು. ಬರಹದಲ್ಲಿ ಅದಕ್ಕೆ ‘ರಾಂಪುರ’ ಎಂದು ಹೆಸರಿಟ್ಟರು. 1970ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಸಂಸ್ಕರಿಸಿದ ಟಿಪ್ಪಣಿಗಳೆಲ್ಲ ಆಹುತಿಯಾದವು. ಆಗ ಅವರು ನೆನಪನ್ನೇ ಮುಖ್ಯವಾಗಿ ನಂಬಿ ಆ ಊರನ್ನು ಮತ್ತೆ ಕಟ್ಟಿದರು. ಆ ಗ್ರಂಥ 1976ರಲ್ಲಿ ಪ್ರಕಟವಾಯಿತು. ಕಾಗದ ಸುಟ್ಟರೂ ಊರು ಅವರಿಗೆ ನೆನಪಿತ್ತು. ಏಕೆಂದರೆ ಅವರು ಅಲ್ಲಿಯ ಜಗಲಿಗಳ ಮೇಲೆ ಕುಳಿತು ಮಾತನಾಡಿದ್ದರು.

ದಟ್ಟಗಳ್ಳಿಯಂತಹ ಊರುಗಳಿಗೆ ಅಂತಹ ಗ್ರಂಥಕಾರರು ದೊರೆತಿಲ್ಲ. ಅವುಗಳ ನೆನಪೆಲ್ಲ ಅಲ್ಲಿಯ ಹಿರಿಯರ ತಲೆಯಲ್ಲಿದೆ. ಯಾವ ಅಡ್ಡರಸ್ತೆ ಯಾವ ಹೊಲದ ಬದುವಾಗಿತ್ತು, ಮಳೆಯ ನೀರು ಯಾವ ಹಾದಿಯಲ್ಲಿ ಹರಿಯುತ್ತಿತ್ತು, ದನ ಎಲ್ಲಿ ಮೇಯುತ್ತಿದ್ದವು—ಇವುಗಳನ್ನು ಅವರು ಬಲ್ಲರು. ಇದು ಬರಿಯ ಹಳೆಯ ಕಾಲದ ಹರಟೆಯೆಂದು ತಳ್ಳಿಹಾಕುವಂತಿಲ್ಲ. ಏಕೆಂಬುದನ್ನು ತಿಳಿಯಲು ಸಮೀಪದಲ್ಲಿಯೇ ಇರುವ ಲಿಂಗಾಂಬುಧಿ ಕೆರೆಯನ್ನು ನೋಡಬೇಕು.

1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ ಇದು. ಸುಮಾರು 250 ಎಕರೆಯ ವಿಸ್ತಾರ. ದಡದ ಬಳಿ ಮಹಾಲಿಂಗೇಶ್ವರನ ಗುಡಿ. ದೂರದೇಶದ ಹಕ್ಕಿಗಳು ಚಳಿಗಾಲದಲ್ಲಿ ಬಂದಿಳಿಯುವ ಈ ಜಲರಾಶಿ ಪೂರ್ತಿ ಬತ್ತಿ ಬಿರಿದ ವರ್ಷಗಳೂ ಉಂಟು. ಸುತ್ತಣ ಬಡಾವಣೆಗಳ ಚರಂಡಿಯ ನೀರು ಒಳಗೆ ಸೇರುತ್ತಿದೆಯೆಂದು ಮತ್ತೆ ಮತ್ತೆ ದೂರುಗಳು ಎದ್ದುದೂ ಉಂಟು. ಇಂದು ಅರಣ್ಯ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅದಕ್ಕೆ ಬೇಲಿಯಿದೆ, ನಡೆದಾಡುವ ಹಾದಿಯಿದೆ.

ಕೆರೆ ಕೆಡುವುದೇಕೆ? ಜನ ಕೆಟ್ಟವರಾದರೆಂದು ಹೇಳುವುದು ಸುಲಭವಾದ ಉತ್ತರ. ನಿಜವಾದ ಕಾರಣ ಬೇರೆ. ಈ ಸೀಮೆಯ ಹಳ್ಳಿಗಳಲ್ಲಿ ಕೆರೆಗೆ ಕೆಲಸವಿತ್ತು. ತೂಬಿನಿಂದ ಹರಿದ ನೀರು ಗದ್ದೆಗೆ ಬೇಕಾಗಿತ್ತು. ಬೇಸಗೆಯಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ತೂಬು ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರೆಂದು ನಿರ್ಣಯಿಸಲು ನೀರಗಂಟಿಯಿದ್ದನು. ಕೆರೆಯೊಳಕ್ಕೆ ಕೊಳೆ ಬಿಟ್ಟವನು ಊರಿನ ಅನ್ನಕ್ಕೆ ಕೊಳೆ ಬಿಟ್ಟಂತೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಪಟೇಲ, ಶ್ಯಾನುಭೋಗ, ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯದ ಅಧಿಕಾರ ಕೊನೆಗೊಂಡಿತು. ಹುಟ್ಟಿನಿಂದ ಬರುವ ದರ್ಪವೂ, ಹುಟ್ಟಿನಿಂದ ಅಂಟುವ ಬಿಟ್ಟಿ ಚಾಕರಿಯೂ ಹೋದುದು ಒಳ್ಳೆಯದೇ. ಆದರೆ ನೀರಗಂಟಿಯ ಕೆಲಸವನ್ನು ವಹಿಸಿಕೊಂಡವರಾರು? ಮುಂದೆ ಗದ್ದೆಯೇ ನಿವೇಶನವಾದಾಗ ನೀರು ಬೇಡವಾಯಿತು, ಹೂಳು ಬೇಡವಾಯಿತು. ಕೆರೆಯ ಅನ್ನ ಉಣ್ಣುವವರು ಇಲ್ಲವಾದ ದಿನವೇ ಅದು ದಿಕ್ಕಿಲ್ಲದ ಆಸ್ತಿಯಾಯಿತು.

ಗೋಮಾಳದ ಕಥೆಯೂ ಇದೇ. 1964ರ ಭೂಕಂದಾಯ ಕಾಯಿದೆಯ ಅಡಿಯಲ್ಲಿ 1966ರಲ್ಲಿ ಮಾಡಿದ ನಿಯಮಗಳಂತೆ, ನೂರು ರಾಸುಗಳಿಗೆ 12 ಹೆಕ್ಟೇರಿನ, ಅಂದರೆ ಸುಮಾರು ಮೂವತ್ತು ಎಕರೆಯ, ಲೆಕ್ಕದಲ್ಲಿ ಹುಲ್ಲುಗಾವಲನ್ನು ಬಿಡಬೇಕು. ರಾಸುಗಳೇ ಇಲ್ಲದ ಊರಿನಲ್ಲಿ ಗೋಮಾಳವನ್ನು ಕೇಳುವವರಾರು?

ಇದೇ ಪ್ರಶ್ನೆ ಇಂಗ್ಲೆಂಡಿನ ಹಳ್ಳಿಗರ ಮುಂದೆಯೂ ಬಂದಿತು. ಅಲ್ಲಿಯ ಹಳ್ಳಿಗಳ ನಡುವೆ ಒಂದು ಹಸುರು ಬಯಲಿರುವುದು ವಾಡಿಕೆ. ಹುಡುಗರು ಕ್ರಿಕೆಟ್ ಆಡುವುದೂ, ಹಬ್ಬದ ದಿನ ಜನ ನೆರೆಯುವುದೂ ಅಲ್ಲಿಯೇ. ಪಟ್ಟಣಗಳು ಬೆಳೆದು ಬಂದಾಗ ಇಂತಹ ಬಯಲುಗಳನ್ನು ಉಳಿಸಿಕೊಳ್ಳಲು ಆ ಜನ ಕಾನೂನಿನ ಮೊರೆಹೊಕ್ಕರು. ಲಂಡನ್ನಿನ ಹೊಟ್ಟೆಗೆ ಹ್ಯಾಂಪ್‌ಸ್ಟೆಡ್ ಊರು ಸೇರಿತಾದರೂ, 1871ರ ಕಾಯಿದೆಯೊಂದರಿಂದ ಅದರ ಪಕ್ಕದ ಬಯಲು ಸಾರ್ವಜನಿಕರಿಗೆ ಉಳಿಯಿತು. 1965ರಲ್ಲಿ ಹಳ್ಳಿಬಯಲುಗಳನ್ನು ದಾಖಲೆಗೆ ಸೇರಿಸುವ ಕಾಯಿದೆ ಬಂದಿತು. 2006ರ ಕಾಯಿದೆಯಂತೆ, ಒಂದು ಪ್ರದೇಶದ ನಿವಾಸಿಗಳು ಇಪ್ಪತ್ತು ವರ್ಷ ಕಾಲ, ಅಪ್ಪಣೆ ಬೇಡದೆ, ಬಲಾತ್ಕಾರ ಮಾಡದೆ, ಬಹಿರಂಗವಾಗಿ ಒಂದು ಬಯಲಿನಲ್ಲಿ ಆಟವಿಹಾರಗಳನ್ನು ನಡೆಸಿದ್ದರೆ, ಅದನ್ನು ಹಳ್ಳಿಬಯಲೆಂದು ದಾಖಲು ಮಾಡಿಸಲು ಅರ್ಜಿ ಕೊಡಬಹುದು. ಹಾಗೆ ಅರ್ಜಿ ಹೋದಾಗ ಸಾಕ್ಷಿ ಯಾವುದು? ಊರಿನ ಹಿರಿಯರ ನೆನಪು. ತಾವು ಹುಡುಗರಾಗಿದ್ದಾಗ ಅಲ್ಲಿ ಆಡಿದೆವೆಂದು ಅವರು ಬಂದು ಹೇಳುವ ಮಾತಿಗೆ ಅಲ್ಲಿ ಬೆಲೆಯುಂಟು.

ನಮ್ಮ ದೇಶದಲ್ಲಿಯೂ ಕಾನೂನು ಸುಮ್ಮನೆ ಕುಳಿತಿಲ್ಲ. 2011ರ ಜನವರಿಯಲ್ಲಿ ಪಂಜಾಬಿನ ಹಳ್ಳಿಯೊಂದರ ಕೊಳದ ಒತ್ತುವರಿಗೆ ಸಂಬಂಧಿಸಿದ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗ್ರಾಮಗಳ ಸಾಮೂಹಿಕ ಭೂಮಿಯನ್ನು ಆಕ್ರಮಿಸಿದವರನ್ನು ತೆರವು ಮಾಡಿಸಿ ಅದನ್ನು ಗ್ರಾಮಸ್ಥರ ಉಪಯೋಗಕ್ಕೆ ಮರಳಿಸಲು ಯೋಜನೆ ಸಿದ್ಧಪಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಆದರೆ ಕಟ್ಟೆ ಎಲ್ಲಿತ್ತು, ತೋಪು ಎಲ್ಲಿತ್ತು, ಕೆರೆಗೆ ನೀರು ತರುವ ಹಳ್ಳ ಯಾರ ಕಾಂಪೌಂಡಿನ ಕೆಳಗೆ ಹೂತುಹೋಯಿತೆಂದು ತೋರಿಸುವವರಿಲ್ಲದೆ ಆಜ್ಞೆಯೊಂದರಿಂದ ಏನಾದೀತು? ಅರ್ಜಿ ಬರೆಯಲು ಬಲ್ಲವರು ಬಡಾವಣೆಯಲ್ಲಿದ್ದಾರೆ. ಹಳ್ಳದ ಹಾದಿಯನ್ನು ಬಲ್ಲವರು ಊರೊಳಗಿದ್ದಾರೆ. ಒಬ್ಬರ ಬಳಿ ಲೇಖನಿಯಿದೆ, ಇನ್ನೊಬ್ಬರ ಬಳಿ ನೆನಪಿದೆ. ಇವರಿಬ್ಬರ ನಡುವೆ ಒಂದು ರಸ್ತೆ ಮಾತ್ರ ಅಡ್ಡವಿದೆ.

ಆ ರಸ್ತೆಯನ್ನು ದಾಟಲು ಸಭೆ, ಭಾಷಣ, ಸಂಘಗಳ ಅಗತ್ಯವೇನೂ ಇಲ್ಲ. ವರ್ಷದಲ್ಲಿ ಒಂದು ದಿನ ಅದಕ್ಕೆ ತಾನಾಗಿಯೇ ಒದಗಿ ಬರುತ್ತದೆ. ಸಂಕ್ರಾಂತಿಯ ಸಂಜೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಸುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂ ಮುಡಿಸಿ, ಹುಲ್ಲಿನ ಬೆಂಕಿಯ ಮೇಲೆ ಕಿಚ್ಚು ಹಾಯಿಸುತ್ತಾರೆ. ನಗರದ ಹೊರವಲಯದ ಸಿದ್ಧಲಿಂಗಪುರದಲ್ಲಿ ಅದನ್ನು ನೋಡಲು ಜನ ಇಂದಿಗೂ ಕಿಕ್ಕಿರಿದು ನೆರೆಯುತ್ತಾರೆ. ಅದೇ ಸಂಜೆ ಬಡಾವಣೆಯ ಮನೆಗಳಿಂದ ಜರಿಲಂಗ ಉಟ್ಟ ಹೆಣ್ಣುಮಕ್ಕಳು ಎಳ್ಳು ಬೀರಲು ಹೊರಡುತ್ತಾರೆ. ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆಯಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಹಬ್ಬ ಒಂದೇ, ಸುಗ್ಗಿಯೂ ಒಂದೇ. ಆದರೆ ತಟ್ಟೆ ಹೋಗುವುದು ಎಡಬಲದ ನಾಲ್ಕು ಮನೆಗಳಿಗೆ, ಹೆಚ್ಚೆಂದರೆ ಮುಂದಿನ ಅಡ್ಡರಸ್ತೆಯ ಸಹೋದ್ಯೋಗಿಯ ಮನೆಗೆ.

ಬರುವ ಸಂಕ್ರಾಂತಿಯಂದು ತಾಯಂದಿರು ಮಗಳ ಕೈಗೆ ತಟ್ಟೆ ಕೊಟ್ಟು, ಜೊತೆಯಲ್ಲಿ ತಾವೂ ನಾಲ್ಕು ಹೆಜ್ಜೆ ಮುಂದೆ ಹೋಗಿ, ರಸ್ತೆ ಬಳುಕುವ ಕಡೆ ತಿರುಗಿದರೆ ಸಾಕು. ಜಗಲಿಯ ಮೇಲೆ ಕುಳಿತ ಅಜ್ಜಿ, “ಯಾರ ಮಗಳವ್ವ ನೀನು?” ಎಂದು ಕೇಳದೆ ಇರಲಾರಳು. ಮನೆಯ ಗುರುತು ಹೇಳಿದಾಗ, “ಓ, ಅದು ನಮ್ಮ ರಾಗಿಹೊಲ ಆಗಿತ್ತು ಕಣವ್ವ” ಎಂದಾಳು. ಆ ಮಾತಿಗೆ ತಾಯಿ ಏನು ಹೇಳಬೇಕೆಂದು ತೋರದೆ ಒಂದು ಕ್ಷಣ ತಲೆ ತಗ್ಗಿಸಬಹುದು. ಆದರೂ ಅಜ್ಜಿ ಮಗುವಿನ ತಟ್ಟೆಯಿಂದ ಎಳ್ಳು ತೆಗೆದುಕೊಂಡು, ಬರಿದಾದ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ಕಳುಹಿಸುವವಳಲ್ಲ. ಒಳಗೆ ಹೋಗಿ ಒಂದು ಹಿಡಿ ಅವರೆಕಾಯಿ ತಂದು ಹಾಕಿಯೇ ಕಳುಹಿಸುತ್ತಾಳೆ.