ಬಾಗಿಲವರೆಗೆ ಬಂದ ವೇಗ

ಗಾಜಿನ ತಂತುವಿನ ಮೂಲಕ ಅಂತರ್ಜಾಲವು ನಮ್ಮ ಪಟ್ಟಣಗಳ ಮನೆಬಾಗಿಲಿಗೆ ಬಂದಿರುವುದು ಸಂತೋಷದ ಸಂಗತಿಯೇ ಸರಿ. 2004ರಲ್ಲಿ ಭಾರತ ಸರಕಾರದವರು ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು ಗೊತ್ತುಪಡಿಸಿದ್ದರು; ಇಂದು ಮಧ್ಯಮ ವರ್ಗದ ಗೃಹಸ್ಥನೂ 100 ಮೆಗಾಬಿಟ್ಟಿನ ಸಂಪರ್ಕವನ್ನು ಪಡೆಯಬಲ್ಲನು. ಹೀಗಿದ್ದರೂ ಹಿಂದಿನ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಯ ಮುಂದೆ ಉಪಾಧ್ಯಾಯರ ಚಿತ್ರವು ಅಲುಗದೆ ನಿಂತುಬಿಡುವುದೂ, ಮನೆಯಿಂದಲೇ ಕೆಲಸಮಾಡುವ ನೌಕರನ ಮಾತು ಸಭೆಯ ನಡುವೆ ತುಂಡರಿಸುವುದೂ ತಪ್ಪಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗಿದೆ.

ಇಂತಹ ಸಮಯದಲ್ಲಿ ನಮ್ಮ ಜನರು ಹುಡುಕುವ ಉಪಾಯ ಒಂದೇ: ಹೆಚ್ಚು ಹಣ ತೆತ್ತು 300 ಮೆಗಾಬಿಟ್ಟಿನ ಯೋಜನೆಯನ್ನು ಕೊಳ್ಳುವುದು. ಇದು ಬಹುಮಟ್ಟಿಗೆ ವ್ಯರ್ಥವ್ಯಯವೆಂದು ನಾವು ಹೇಳದಿರಲಾರೆವು. ಕಾಲುವೆಯೇ ಬಿರುಕುಬಿಟ್ಟಿರುವಾಗ ಕೆರೆಯ ತೂಬನ್ನು ಇನ್ನಷ್ಟು ಎತ್ತಿದರೆ ಗದ್ದೆಗೆ ನೀರು ಬಂದೀತೆ?

ಮೊದಲು ಮಾಡಬೇಕಾದುದು ಪರೀಕ್ಷೆ. ರೂಟರಿನಿಂದ ಗಣಕಯಂತ್ರಕ್ಕೆ ನೇರವಾಗಿ ತಂತಿಯನ್ನು ಜೋಡಿಸಿ ವೇಗವನ್ನು ಅಳೆಯಬೇಕು. ಬಳಿಕ ಕೋಣೆಕೋಣೆಗಳಲ್ಲಿ ವೈಫೈ ಮೂಲಕ ಅಳೆಯಬೇಕು. ತಂತಿಯಲ್ಲಿ ಪೂರ್ಣ ವೇಗವಿದ್ದು ಗಾಳಿಯಲ್ಲಿ ಕುಗ್ಗಿದರೆ ದೋಷವು ಮನೆಯೊಳಗಿನದು. ತಂತಿಯಲ್ಲಿಯೇ ಕುಗ್ಗಿದ್ದರೆ ಕಂಪನಿಯವರನ್ನು ಕೇಳಲು ಅಧಿಕಾರವುಂಟು. ಆದರೆ 300ಕ್ಕೆ ಹಣ ಕೊಟ್ಟವನಿಗೆ ತಂತಿಯಲ್ಲಿ 95ರ ಆಸುಪಾಸಿನಲ್ಲಿಯೇ ಅಳತೆ ನಿಲ್ಲುತ್ತಿದ್ದರೆ, ಉಪಕರಣದ ಕಿಂಡಿಯು 100 ಮೆಗಾಬಿಟ್ಟಿನದಾಗಿರಬಹುದು. ಇಲ್ಲವೆ ತಂತಿಯ ಎಂಟು ಎಳೆಗಳಲ್ಲಿ ನಾಲ್ಕೇ ಕೂಡಿರಬಹುದು. ಎಂಟು ಬಿಟ್ಟುಗಳು ಸೇರಿ ಒಂದು ಬೈಟ್ ಆಗುವುದರಿಂದ, 100 ಮೆಗಾಬಿಟ್ಟೆಂದರೆ 12.5 ಮೆಗಾಬೈಟ್ ಮಾತ್ರವೆಂಬುದನ್ನೂ ಮರೆಯಬಾರದು.

ಮನೆಯೊಳಗಿನ ದೋಷಗಳಲ್ಲಿ ಮೊದಲನೆಯದು ಸ್ಥಾನದೋಷ. ತಂತುವು ಹೊರಗಿನಿಂದ ಒಳಹೊಕ್ಕ ಮೂಲೆಯಲ್ಲಿ, ಅಟ್ಟದ ಮೇಲೆ ಅಥವಾ ಉಕ್ಕಿನ ಬೀರುವಿನ ಹಿಂದೆ ರೂಟರನ್ನು ಇಟ್ಟು, ಮನೆಯೆಲ್ಲ ಬೆಳಗಲೆಂದು ಆಶಿಸುತ್ತೇವೆ. ದೀಪವನ್ನು ಕೊಳಗದೊಳಗಿಟ್ಟು ಬೆಳಕನ್ನು ಬಯಸಿದಂತೆಯೇ ಇದು. ಕಲ್ಲಿನ ದಪ್ಪ ಗೋಡೆಯೂ, ಕಬ್ಬಿಣ ಹೆಣೆದ ಕಾಂಕ್ರೀಟೂ, ಕನ್ನಡಿಯೂ ಅಲೆಗಳನ್ನು ತಡೆಯುತ್ತವೆ. ಮನೆಯ ಮಧ್ಯದಲ್ಲಿ, ಎತ್ತರದಲ್ಲಿ, ತೆರೆದ ಕಡೆ ಇಡುವುದೇ ಒಂದು ಕಾಸಿನ ಖರ್ಚಿಲ್ಲದ ಚಿಕಿತ್ಸೆ.

ಎರಡನೆಯದು ಅಲೆಗಳ ಸಂದಣಿ. 2.4 ಗಿಗಾಹರ್ಟ್ಸ್ ಅಲೆಯು ದೂರ ಹೋಗುತ್ತದೆಯಾದರೂ, ಅದರಲ್ಲಿ ಒಂದರ ಮೇಲೊಂದು ಬೀಳದ ಮಾರ್ಗಗಳು 1, 6, 11 ಎಂಬ ಮೂರೇ. ಬೆಂಗಳೂರಿನ ವಸತಿ ಸಮುಚ್ಚಯವೊಂದರಲ್ಲಿ ಹತ್ತಾರು ಮನೆಗಳು ಈ ಮೂರರಲ್ಲಿಯೇ ನೂಕಾಡುತ್ತಿರುತ್ತವೆ. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲಿಯೇ ಗದ್ದಲವೆಬ್ಬಿಸುತ್ತದೆ. 5 ಗಿಗಾಹರ್ಟ್ಸ್ ಅಲೆಗೆ ಅವಕಾಶವು ವಿಶಾಲ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಹತ್ತಿರದ ಕೆಲಸಕ್ಕೆ ಇದನ್ನೂ ದೂರದ ಅಲ್ಪ ಕೆಲಸಕ್ಕೆ ಅದನ್ನೂ ಉಪಯೋಗಿಸುವುದು ವಿವೇಕ. ದೊಡ್ಡ ಮನೆಯಿದ್ದವರು ಅಗ್ಗದ ರಿಪೀಟರಿಗೆ ಮರುಳಾಗಬಾರದು; ಒಂದೇ ರೇಡಿಯೋದಿಂದ ಕೇಳಿ ಅದರಿಂದಲೇ ಮರುನುಡಿಯುವ ಅಂತಹ ಯಂತ್ರವು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಹಿಂದಿನ ಕೋಣೆಯವರೆಗೆ ತಂತಿಯನ್ನೆಳೆದು ಅಲ್ಲೊಂದು ವೈಫೈ ಕೇಂದ್ರವನ್ನಿಡುವುದೇ ಬಾಳುವ ಉಪಾಯ. ಕದಲದ ದೂರದರ್ಶನ, ಗಣಕಯಂತ್ರಗಳಿಗೂ ತಂತಿಯೇ ಲೇಸು.

ಇಷ್ಟು ಹೇಳಿದ ಮಾತ್ರಕ್ಕೆ ಕಂಪನಿಗಳವರ ಹೊಣೆ ತೀರಿತೆಂದು ಯಾರೂ ಭಾವಿಸಬಾರದು. ಬಾಗಿಲವರೆಗೆ ತಂದೆವು, ಒಳಗಿನದು ನಿಮ್ಮ ಪಾಡು ಎಂಬ ವಾದವು ಕಾಗದದ ಮೇಲೆ ಒಪ್ಪಬಹುದು. ಆದರೆ ರೂಟರನ್ನು ಮೂಲೆಯಲ್ಲಿ ಜಡಿದುಹೋದವನು ಅವರ ಕೆಲಸಗಾರನೇ ಆಗಿದ್ದು, ದೂರಿತ್ತ ಗ್ರಾಹಕನಿಗೆ ಇನ್ನೂ ದುಬಾರಿ ಯೋಜನೆಯನ್ನು ಸೂಚಿಸುವವರು ಅವರೇ ಆದರೆ, ಅದನ್ನು ನ್ಯಾಯವಾದ ವ್ಯಾಪಾರವೆನ್ನಲಾಗದು. ಸಂಪರ್ಕ ಕೊಡುವ ದಿನವೇ ಗೃಹಸ್ಥನ ಎದುರಿನಲ್ಲಿ ತಂತಿಯಿಂದಲೂ ಕೋಣೆಗಳಲ್ಲಿಯೂ ವೇಗವನ್ನು ಅಳೆದು, ಆ ಅಂಕಿಗಳನ್ನು ಕನ್ನಡದಲ್ಲಿ ಬರೆದುಕೊಡುವ ಕ್ರಮವನ್ನು ಜಾರಿಗೆ ತರಬೇಕು. ಅಂಗಡಿಯವನು ತಕ್ಕಡಿಯನ್ನು ಗಿರಾಕಿಯ ಕಣ್ಣೆದುರಿಗೇ ಹಿಡಿಯಬೇಕೆಂಬುದು ನಮ್ಮ ಸಂತೆಗಳ ಹಳೆಯ ಮರ್ಯಾದೆ. ಅದು ಬೆಳಕಿನ ವ್ಯಾಪಾರಕ್ಕೂ ಸಲ್ಲತಕ್ಕದ್ದು.

ಅಲ್ಲಿಯವರೆಗೆ, ಹೊಸ ಯೋಜನೆಗೆ ಹಣ ಕಟ್ಟುವ ಮೊದಲು ನಮ್ಮ ವಾಚಕರು ರೂಟರನ್ನು ಬೀರುವಿನ ಹಿಂದಿನಿಂದ ಈಚೆಗೆ ತೆಗೆದು ನೋಡಲೆಂದು ನಾವು ಸೂಚಿಸುತ್ತೇವೆ.