ಎಲ್ಲ ರೋಗಕ್ಕೂ ಫಾರ್ಮ್ಯಾಟ್

ಯಾದಗಿರಿಯಾಗಲಿ, ಶಹಾಪುರವಾಗಲಿ, ಸುರಪುರವಾಗಲಿ, ನಾನು ಕಂಡ ರಿಪೇರಿ ಅಂಗಡಿಗಳಲ್ಲಿ ನಿಧಾನವಾದ ಲ್ಯಾಪ್‌ಟಾಪಿಗೆ ಒಂದೇ ಔಷಧ. "ವಿಂಡೋಸ್ ಹೊಡಿಬೇಕ್ರಿ ಮೇಡಂ, ನಾಳಿ ಬರ್ರಿ." ಜ್ವರವೆಂದು ಹೋದವರ ನಾಡಿಯನ್ನೂ ಹಿಡಿಯದೆ ಆಪರೇಷನ್ನಿಗೆ ಮಲಗಿಸಿದರೆ ನಾವು ಸುಮ್ಮನಿರುತ್ತೇವೆಯೆ? ಇಲ್ಲಿ ಮಾತ್ರ ತಲೆಯಾಡಿಸಿ ಬರುತ್ತೇವೆ. 'ಇದೆಲ್ಲ ಹೆಂಗಸರಿಗೆ ತಿಳಿಯುವುದಲ್ಲ' ಎಂಬ ಮಾತನ್ನು ಮನೆಯಲ್ಲೇ ಕೇಳಿ ಹೊರಟಿರುತ್ತೇವಲ್ಲ!

ತಿಳಿಯದಿರಲು ಅದರಲ್ಲೇನಿದೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೆಮೊರಿ ತುಂಬಿದೆಯೋ, ಡಿಸ್ಕ್ ನೂರಕ್ಕೆ ಮುಟ್ಟಿ ನಿಂತಿದೆಯೋ ಅದೇ ಹೇಳುತ್ತದೆ. ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಕರೆಯದೆ ಬಂದು ಕೂತ ನೆಂಟರಿರುತ್ತಾರೆ, ಬೇಡದವರನ್ನು ಡಿಸೇಬಲ್ ಮಾಡಿ. ಸಿ ಡ್ರೈವ್ ಕಿಕ್ಕಿರಿದಿದ್ದರೆ ಖಾಲಿ ಮಾಡಿ. ನಮ್ಮ ಕಡೆಯ ಧೂಳನ್ನಂತೂ ಕೇಳುವುದೇ ಬೇಡ. ಫ್ಯಾನಿಗೆ ಅದು ಮೆತ್ತಿದರೆ ಯಂತ್ರ ಕಾಯುತ್ತದೆ, ಕಾದದ್ದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಒಳಗೆ ಹಳೆಯ, ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎಷ್ಟು ಸಲ ವಿಂಡೋಸ್ ಹೊಡೆದರೂ ಅಷ್ಟಕ್ಕಷ್ಟೆ. ಎಸ್‌ಎಸ್‌ಡಿ ಹಾಕಿಸಿದರೆ ಅದೇ ಲ್ಯಾಪ್‌ಟಾಪ್ ಓಡುತ್ತದೆ.

ಸುರಪುರದ ನನ್ನ ಗೆಳತಿಯೊಬ್ಬಳು, ಅವಳೂ ಶಿಕ್ಷಕಿ, ಅತ್ತೆಯ ಬಾಯಿಂದ ಬೀಸುವ ಪದಗಳನ್ನು ಕೇಳಿ ಕೇಳಿ ನುಡಿಯಲ್ಲಿ ಟೈಪ್ ಮಾಡಿ ಡೆಸ್ಕ್‌ಟಾಪಿನ ಮೇಲಿಟ್ಟಿದ್ದಳು. ಅಂಗಡಿಯವನು ಡಿ ಡ್ರೈವ್ ಉಳಿಸಿದ, ಸಿ ಅಳಿಸಿದ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಸಾಮಾನ್ಯವಾಗಿ ಇರುವುದು ಸಿ ಒಳಗೇ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. "ಅದ್ರಾಗ ಏನೂ ಇರ್ಲಿಲ್ರಿ, ಬರೇ ಹಾಡಿದ್ವು" ಎಂದನಂತೆ. ಅತ್ತೆ ಈಗಿಲ್ಲ. ಟ್ಯಾಲಿಯ ಲೆಕ್ಕವಿದ್ದಿದ್ದರೆ ಹತ್ತು ಸಲ ಕೇಳಿ ಮುಟ್ಟುತ್ತಿದ್ದ. ಹೆಂಗಸು ಬರೆದಿಟ್ಟದ್ದು 'ಡೇಟಾ' ಅಲ್ಲವೆಂದು ಇವರಿಗೆ ಹೇಳಿದವರು ಯಾರು?

ಹೊಸದಾಗಿ ಹಾಕಲೇಬೇಕಾದ ಸಂದರ್ಭಗಳಿಲ್ಲವೆಂದಲ್ಲ. ವೈರಸ್ ಹೊಕ್ಕಿರಬಹುದು. ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಬಹಳಷ್ಟು ಹಳೆಯ ಯಂತ್ರಗಳಲ್ಲಿ ಅದಿಲ್ಲ. ಅಂಥವನ್ನು ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಪುಕ್ಕಟೆ ಸಿಗುತ್ತದೆ. ಕೇರಳದ ಸರಕಾರಿ ಶಾಲೆಗಳ ಮಕ್ಕಳು ಕಲಿಯುವುದೇ ಅದರಲ್ಲಿ. 'ಕ್ರ್ಯಾಕ್' ಮಾಡಿದ ವಿಂಡೋಸ್ ಬೇಡ, ಅದರ ಜೊತೆ ಏನೇನು ಒಳಗೆ ಬರುತ್ತದೋ ಹಾಕಿದವನಿಗೂ ತಿಳಿದಿರುವುದಿಲ್ಲ.

ಏನೇ ಹಾಕಿಸಿ, ಮೊದಲು ನಿಮ್ಮ ಕಡತಗಳನ್ನು ನೀವೇ ನಿಂತು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ವಿಂಡೋಸಿನ ರೀಸೆಟ್‌ನಲ್ಲೇ 'ಕೀಪ್ ಮೈ ಫೈಲ್ಸ್' ಎಂಬ ಆಯ್ಕೆಯಿದೆ. ಪ್ರೋಗ್ರಾಂಗಳು ಹೋಗುತ್ತವೆ, ಕಡತಗಳು ಉಳಿಯುತ್ತವೆ. ಅದನ್ನು ಒತ್ತಿರಿ ಎಂದು ಗಟ್ಟಿಯಾಗಿ ಹೇಳಿ. ಮನೆಗೆ ತಂದ ಮೇಲೆ ಹಳೆಯ ನುಡಿ ಕಡತ ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಕಂಡಾವು. ಕೆಟ್ಟಿತೆಂದು ಗಾಬರಿಯಾಗಿ ಅಳಿಸಬೇಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಮತ್ತೆ ಹಾಕಿ ಅದರ ಅಕ್ಷರಶೈಲಿ ಆರಿಸಿದರೆ ನಿಮ್ಮ ಸಾಲುಗಳು ಇದ್ದಂತೆಯೇ ಕಾಣುತ್ತವೆ.