ಗಂಡುತನ, ಹೆಣ್ಣುತನಗಳ ಅಳತೆ

ವ್ಯಾಕರಣದ ಲಿಂಗ ಬೇರೆ, ಲೋಕದ ಲಿಂಗ ಬೇರೆ. ಸಂಸ್ಕೃತದಲ್ಲಿ ಹೆಂಡತಿಯನ್ನು 'ಭಾರ್ಯಾ' ಎಂದರೆ ಸ್ತ್ರೀಲಿಂಗ, 'ದಾರಾಃ' ಎಂದರೆ ಪುಲ್ಲಿಂಗ, 'ಕಲತ್ರಂ' ಎಂದರೆ ನಪುಂಸಕಲಿಂಗ. ಮನೆಯಾಕೆ ಮಾತ್ರ ಒಬ್ಬಳೇ. ಶಬ್ದಕ್ಕೆ ಲಿಂಗವನ್ನು ಗೊತ್ತುಮಾಡುವಂತೆ ಮನುಷ್ಯನ ಗುಣಗಳಿಗೂ ಲಿಂಗವನ್ನು ಗೊತ್ತುಮಾಡಿ, ಅಂಕಗಳಲ್ಲಿ ಅಳೆಯಹೊರಟ ಪಂಡಿತರೂ ಉಂಟೆಂಬುದನ್ನು ವಾಚಕರು ತಿಳಿಯಬೇಕು.

1936ರಲ್ಲಿ ಅಮೆರಿಕದ ಟರ್ಮನ್ ಮತ್ತು ಮೈಲ್ಸ್ ಎಂಬ ಮನಶ್ಶಾಸ್ತ್ರಜ್ಞರು 450ಕ್ಕೂ ಹೆಚ್ಚು ಪ್ರಶ್ನೆಗಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಗಂಡಸರು ಹೆಚ್ಚಾಗಿ ಕೊಡುವ ಉತ್ತರವು ಗಂಡುತನಕ್ಕೂ, ಹೆಂಗಸರು ಹೆಚ್ಚಾಗಿ ಕೊಡುವ ಉತ್ತರವು ಹೆಣ್ಣುತನಕ್ಕೂ ಜಮೆಯಾಗುತ್ತಿತ್ತು. ತಕ್ಕಡಿಯ ತಟ್ಟೆಗಳಂತೆ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. 1974ರಲ್ಲಿ ಸಾಂಡ್ರಾ ಬೆಮ್ ಎಂಬ ವಿದುಷಿಯು ಈ ತಕ್ಕಡಿಯನ್ನು ಒಪ್ಪದೆ 60 ಗುಣಗಳ ಪಟ್ಟಿಯನ್ನು ರಚಿಸಿದರು. ಗಂಡಿಗೆ ಸಲ್ಲುವವು 20, ಹೆಣ್ಣಿಗೆ ಸಲ್ಲುವವು 20, ಇಬ್ಬರಿಗೂ ಸಮನಾದವು 20. ಎರಡರ ಅಂಕಗಳೂ ಬೇರೆಬೇರೆಯಾದ್ದರಿಂದ ಒಬ್ಬರಲ್ಲಿಯೇ ಎರಡೂ ತುಂಬಿರಬಹುದು.

ನಮ್ಮ ಚಿತ್ರದುರ್ಗದ ಓಬವ್ವನನ್ನು ಈ ಪರೀಕ್ಷೆಗೆ ಕೂರಿಸಿ ನೋಡೋಣ. ಮದಕರಿನಾಯಕನ ಕಾಲದಲ್ಲಿ, 1779ರಲ್ಲಿ ದುರ್ಗವು ಹೈದರಾಲಿಯ ವಶವಾಗುವ ಮುಂಚೆ, ಕಾವಲುಗಾರನಾದ ಗಂಡನಿಗೆ ಊಟಕ್ಕಿಟ್ಟು ಆಕೆ ನೀರಿಗೆ ಹೋದಳಂತೆ. ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಕಂಡು ಒನಕೆಯಿಂದ ಬಡಿದಳೆಂದು ಐತಿಹ್ಯ. ಟರ್ಮನ್ನರ ತಕ್ಕಡಿಯಲ್ಲಿ ಒನಕೆಯೆತ್ತಿದ ಧೈರ್ಯವು ಊಟವಿಕ್ಕಿದ ಅಕ್ಕರೆಯನ್ನು ಕಳೆದುಬಿಡುವುದು. ಬೆಮ್ಮರ ಪಟ್ಟಿಯಲ್ಲಿ ಎರಡೂ ಉಳಿಯುವುವು. ಇಷ್ಟುಮಟ್ಟಿಗೆ ಎರಡನೆಯದೇ ಮೇಲು.

ಆದರೂ ಒಂದು ಪ್ರಶ್ನೆಯುಂಟು. ಅಂಗಡಿಯ ಅಳತೆಗೆ ಸರ್ಕಾರದ ಮುದ್ರೆಯಿರಬೇಕು. ಈ ಅಳತೆಗೆ ಮುದ್ರೆಯೊತ್ತಿದವರಾರು? ಯಾವ ಗುಣವು ಯಾರಿಗೆ ಒಪ್ಪುವುದೆಂದು ಹೇಳಿದವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳು. ಅವರ ಎಣಿಕೆಯಲ್ಲಿ ಸ್ವಾವಲಂಬನೆಯು ಗಂಡಿನದು, ಕರುಣೆಯು ಹೆಣ್ಣಿನದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೊಲಗಳಲ್ಲಿ ದುಡಿದು ಸಂಸಾರವನ್ನು ಸಾಗಿಸುವ ಹೆಂಗಸಿಗೆ ಸ್ವಾವಲಂಬನೆ ಪರರ ಸೊತ್ತೆ? ಆದಕಾರಣ ಇಂತಹ ಪಟ್ಟಿಯಿಂದ ತಿಳಿಯುವುದು ಮುಖ್ಯವಾಗಿ ಒಂದು ಸಮಾಜವು ಗಂಡುಹೆಣ್ಣುಗಳಿಂದ ಬಯಸುವುದೇನೆಂಬುದು.

ಪಂಡಿತರನ್ನು ಆಕ್ಷೇಪಿಸುವ ಮುನ್ನ ನಮ್ಮ ಜಗಲಿಯನ್ನೂ ನೋಡಿಕೊಳ್ಳೋಣ. ಅಳುವ ಹುಡುಗನನ್ನು 'ಹೆಣ್ಣಿಗ'ನೆಂದೂ, ಮರ ಹತ್ತುವ ಹುಡುಗಿಯನ್ನು 'ಗಂಡುಬೀರಿ'ಯೆಂದೂ ನಾವು ದಿನವೂ ಅಂಕವಿಡುತ್ತಿರುವೆವು. ಪ್ರಶ್ನಾವಳಿಯನ್ನು ಒಮ್ಮೆ ಬರೆದು ಮುಗಿಸಬಹುದು. ಮನೆಯವರ ಪರೀಕ್ಷೆಗೆ ಮುಕ್ತಾಯವಿಲ್ಲ. ಗೃಹಸ್ಥರಾದವರು ಮಗನಿಗೆ ಕರುಣೆಯನ್ನೂ ಮಗಳಿಗೆ ಧೈರ್ಯವನ್ನೂ ಹಿಂಜರಿಯದೆ ಕಲಿಸತಕ್ಕದ್ದು.